ದುರಸ್ತಿಗೆ ಹೋದ ಪೆಟ್ಟಿಗೆ

ಅತ್ತಿವೇರಿ ಹತ್ತಿರದ ತಾಂಡಾ, ಮುಂಡಗೋಡ ತಾಲೂಕು
11 ಸೆಪ್ಟೆಂಬರ್ 2005

ನಿರ್ಮಲಾ ಅಕ್ಕಾರಿಗೆ ತುಳಜಾ ಬರೆಯುವುದು.

ಕೊಡುತ್ತೇವೆ ಎಂದದ್ದು: ಐದು ಕಂಪ್ಯೂಟರು. ಕಲಿಸಲು ಒಬ್ಬ ಮಾಸ್ತರ. ಕರೆಂಟ್ ಹೋದಾಗ ನಡೆಸಲು ಬ್ಯಾಟರಿ. ಕನ್ನಡದಲ್ಲಿ ಪಾಠ. ಮುಗಿಸಿದ ಹುಡುಗಿಯರಿಗೆ ಸರ್ಟಿಫಿಕೇಟು.

ಕೊಟ್ಟದ್ದು: ಎಲ್ಲಿಯೋ ಬಳಸಿ ಬಿಟ್ಟ ಒಂದು ಕಂಪ್ಯೂಟರು. ಒಳಗೆ ಏನೂ ಇಲ್ಲ. ಗುಂಡಿ ಒತ್ತಿದರೆ ಕರಿ ಪರದೆ, ಅದರ ಮೇಲೆ ಒಂದು ಸಾಲು ಇಂಗ್ಲಿಷು. ಹಾರ ಹಾಕಿ ಫೋಟೋ ತೆಗೆಸಿಕೊಂಡು ಹೊರಟಿದ್ದ ಯೋಜನೆಯ ಸಾಹೇಬನನ್ನು ಜೀಪಿನ ಹತ್ತಿರ ಹಿಡಿದು ಕೇಳಿದೆ. "ವಿಂಡೋಸ್ ಬ್ಯಾರೆ ತಗೋಬೇಕವ್ವಾ. ಅದಕ್ಕ ಲೈಸನ್ಸ್ ಬೇಕು. ನಮ್ಮ ಕಡೆ ಅನುದಾನ ಮುಗದೈತಿ" ಎಂದ. ಎತ್ತು ಕೊಟ್ಟು, ಅದರ ಜೀವ ನೀವೇ ತಂದುಕೊಳ್ಳಿ ಎಂದ ಹಾಗೆ.

ಕಾರವಾರದ ಧರಣಿಯಲ್ಲಿ ನಾವಿಬ್ಬರೂ ಒಂದೇ ಜಮಖಾನೆ ಹೊದ್ದು ಮಲಗಿದ್ದೆವಲ್ಲ, ಆಗ ನೀವು ಹೇಳಿದ್ದಿರಿ: ಕಂಪ್ಯೂಟರಿಗೆ ಯಾರಪ್ಪನ ಲೈಸನ್ಸೂ ಬೇಡದ ಒಂದು ವ್ಯವಸ್ಥೆ ಇದೆ, ದಾಂಡೇಲಿಯ ಕಾರ್ಮಿಕರ ವಾಚನಾಲಯದಲ್ಲಿ ಅದನ್ನೇ ಹಾಕಿ ಕಲಿಸುತ್ತೇನೆ, ಹಳಿಯಾಳ ಜೋಯಿಡಾದವರೂ ಬಂದು ಕಲಿತು ಹೋಗಿದ್ದಾರೆ ಅಂತ. ನನಗೂ ಕಲಿಸಿ.

ಯಾಕೆ ಅವಸರ ಅಂದರೆ, ನಮ್ಮ ನಾಯಕ ಗೇಮಪ್ಪ ಕಟ್ಟೆಯ ಮೇಲೆ ಕೂತು ಒಂದು ಮಾತು ಕೊಟ್ಟಿದ್ದಾನೆ. ದೀಪಾವಳಿ ಮುಗಿದ ಕೂಡಲೇ ಕೂಲಿ ಗುತ್ತಿಗೆಯ ಮುಕಾದಮ ಲಾರಿ ತರುತ್ತಾನೆ. ತಾಂಡಾದ ಅರ್ಧ ಜನ ಹಳಿಯಾಳದ ಕಡೆ ಕಬ್ಬು ಕಡಿಯಲು ಹೋಗುತ್ತಾರೆ. ಅಷ್ಟರೊಳಗೆ ಈ ಕಂಪ್ಯೂಟರು ಕನ್ನಡ ತೋರಿಸಿದರೆ, ಕಲಿಯುವ ಹುಡುಗಿಯರು ಊರಲ್ಲಿ ಉಳಿಯಬಹುದು. ಇಲ್ಲದಿದ್ದರೆ ಅವರೂ ಲಾರಿ ಹತ್ತಬೇಕು. ಆರು ಹುಡುಗಿಯರು. ಅದರಲ್ಲಿ ಕಾಜಲ್ ಒಬ್ಬಳು, ನನ್ನ ಅಣ್ಣ ಕುಬೇರನ ಮಗಳು. ಈ ಸಲ ಹತ್ತನೆಯದು ಪಾಸಾಗಿದ್ದಾಳೆ. ಒಂದು ಸಲ ಕೈ ಕಬ್ಬು ಕಡಿಯುವ ಕೋಯ್ತಾಕ್ಕೆ ಒಗ್ಗಿತೆಂದರೆ ಮತ್ತೆ ಪೆನ್ನಿಗೆ ಬರುವುದಿಲ್ಲ. ನನ್ನ ಜೊತೆ ಓದಿದವರನ್ನು ನೋಡಿದ್ದೇನೆ.

ಉತ್ತರ ಬರೆಯಿರಿ. ತಾಂಡಾದಲ್ಲಿ ಫೋನಿಲ್ಲ.

ತುಳಜಾ


ದಾಂಡೇಲಿ
19 ಸೆಪ್ಟೆಂಬರ್ 2005

ತಂಗಿ ತುಳಜಾ,

ಇದರ ಜೊತೆ ಮೂರು ಸಿ.ಡಿ. ಕಳಿಸಿದ್ದೇನೆ. ಇದರ ಹೆಸರು ಲಿನಕ್ಸ್. ಇದನ್ನು ಯಾರೂ ಮಾರಿಲ್ಲ, ನಾನು ಯಾರಿಂದಲೂ ಕದ್ದಿಲ್ಲ. ಊರಿನ ಕೆರೆಯನ್ನು ಊರವರು ಕೂಡಿ ತೋಡಿದ ಹಾಗೆ, ಹೆಸರು ಗೊತ್ತಿಲ್ಲದ ಸಾವಿರ ಮಂದಿ ಕೂಡಿ ಮಾಡಿದ್ದು. ಕೊಡ ತಗೊಂಡು ಹೋದವರಿಗೆ ನೀರು. ನಿನ್ನ ಸಾಹೇಬನಿಗೆ ಹೇಳು, ಕಾಗದಪತ್ರ ಕೇಳುವವರು ಬಂದರೆ ಎದೆಯುಬ್ಬಿಸಿ ತೋರಿಸಬಹುದು ಅಂತ. ಕಳ್ಳ ವಿಂಡೋಸ್ ಹಾಕಿಕೊಡುತ್ತೇನೆ ಎಂದು ಮುಂಡಗೋಡದಲ್ಲಿ ಯಾರಾದರೂ ಬಂದರೆ ಒಳಗೆ ಬಿಡಬೇಡ. ಬಡವರನ್ನು ಕಳ್ಳರನ್ನಾಗಿ ಮಾಡಿ ಆಮೇಲೆ ಹಿಡಿಯುವುದು ಹಳೆಯ ಆಟ. ಅಡವಿಯಲ್ಲಿ ಕಟ್ಟಿಗೆಗೆ ಆಡಿದ ಆಟವನ್ನೇ ಈಗ ಕಂಪ್ಯೂಟರಿನಲ್ಲಿ ಆಡುತ್ತಿದ್ದಾರೆ.

ಕೇಳು. ಗುಂಡಿ ಒತ್ತಿ, ಒಂದನೆಯ ಸಿ.ಡಿ. ಹಾಕಿ, ಮತ್ತೆ ಆರಿಸಿ ಹಚ್ಚು. ನೀಲಿ ಪರದೆ ಬರುತ್ತದೆ. ಮೊದಲು ಭಾಷೆ ಕೇಳುತ್ತದೆ, ಆಮೇಲೆ ಕೀಲಿಮಣೆ, ಆಮೇಲೆ "ಇಡೀ ಡಿಸ್ಕು ಬಳಸಲೇ" ಎಂದು ಕೇಳುತ್ತದೆ. ನಿನ್ನದರೊಳಗೆ ಕಳಕೊಳ್ಳಲು ಏನೂ ಇಲ್ಲ, ಹೌದು ಅನ್ನು. ಆಮೇಲೆ ಅದು ತನ್ನ ಪಾಡಿಗೆ ಇಳಿಸಿಕೊಳ್ಳುತ್ತ ಹೋಗುತ್ತದೆ. ನಿನ್ನ ಹಳೆಯ ಪೆಟ್ಟಿಗೆಗೆ ಎರಡು ತಾಸಾದರೂ ಬೇಕು. ಕೇಳಿದಾಗ ಎರಡನೆಯದು, ಮೂರನೆಯದು ಹಾಕು. ಕನ್ನಡ ಇರುವುದು ಮೂರನೆಯದರಲ್ಲಿ. ನಡುವೆ ಯಾರೂ ಕೈ ಹಚ್ಚಬಾರದು. ನಡುವೆ ಬಿಟ್ಟರೆ ಎಲ್ಲ ಮೊದಲಿನಿಂದ.

ಹೆದರಬೇಡ. ಹೋಟೆಲ್ ಹುಡುಗರಿಗೆ, ಬಿದಿರು ಲಾರಿಯವರಿಗೆ, ಬೀಡಿ ಕಟ್ಟುವ ಅಜ್ಜಿಗೆ ಕಲಿಸಿದ್ದೇನೆ. ಹಾಕಿಕೊಟ್ಟು ಹೋಗುವುದು ದಾನ. ಹಾಕುವುದನ್ನು ಕಲಿಸುವುದು ಸಂಘಟನೆ. ವಾಚನಾಲಯದಲ್ಲಿ ಈಗಲೂ ಸಂಜೆಯ ಪಾಳಿ ಬಿಟ್ಟ ಮೇಲೆ ಕೂರಲು ಜಾಗ ಇರುವುದಿಲ್ಲ.

ನಿನ್ನ ನಿರ್ಮಲಾ


ತಾಂಡಾ
30 ಸೆಪ್ಟೆಂಬರ್ 2005

ಅಕ್ಕಾ,

ಸಿ.ಡಿ. ಮುಟ್ಟಿದವು. ನೀಲಿ ಪರದೆ ಬಂತು. ಆರೂ ಹುಡುಗಿಯರು ಚಪ್ಪಾಳೆ ಹೊಡೆದರು. ನನ್ನ ಅಜ್ಜಿ ನಾನಿಬಾಯಿ ಬಾಗಿಲಲ್ಲಿ ಕೂತಿದ್ದಳು. "ನೀಲಿ ಹಚ್ಚಿದ ಗ್ವಾಡಿ ನೋಡಾಕ ಇಷ್ಟು ಮಂದಿ ಬೇಕನ?" ಎಂದಳು.

ನೀವು ಬರೆದ ಸಾಲಿನಲ್ಲಿ ಪ್ರಶ್ನೆಗಳು ಬರಲಿಲ್ಲ. ಯಾವ ದೇಶ ಎಂದು ಕೇಳಿತು, ಅದು ನಿಮ್ಮ ಕಾಗದದಲ್ಲಿಲ್ಲ. ಡಿಸ್ಕಿನ ಪ್ರಶ್ನೆಯನ್ನು ಬೇರೆ ನಮೂನೆ ಕೇಳಿತು. ನಾನೇ ಎಲ್ಲೋ ತಪ್ಪಿದೆ ಅನ್ನಿಸಿತು. ಕಾಜಲ್ "ಅತ್ತಿ, ಹೌದು ಅನ್ನು, ಏನಾಗ್ತೈತಿ" ಎಂದಳು. ಹೌದು ಅಂದೆವು. ಇಳಿಸಿಕೊಳ್ಳತೊಡಗಿತು.

ಆಮೇಲೆ ನಡುವೆ ನಿಂತಿತು. ಮರುದಿನವೂ ನಿಂತಿತು. ಅದರ ಮರುದಿನವೂ. ಎರಡನೆಯ ಸಿ.ಡಿ. ಕೇಳುವ ತನಕವೂ ಹೋಗಿಲ್ಲ.

ಏನು ಮಾಡಬೇಕು ಬರೆಯಿರಿ.

ತುಳಜಾ


ದಾಂಡೇಲಿ
6 ಅಕ್ಟೋಬರ್ 2005

ತುಳಜಾ,

ಯಂತ್ರ ತಾನಾಗಿ ನಿಲ್ಲುವುದಿಲ್ಲ. ಯಾರೋ ಕೈ ಹಚ್ಚಿದ್ದಾರೆ. ಆರು ಹುಡುಗಿಯರನ್ನು ಸುತ್ತ ಕೂರಿಸಿಕೊಂಡು ಜಾತ್ರೆ ಮಾಡಿದರೆ ಇನ್ನೇನಾಗುತ್ತದೆ? ಸಿ.ಡಿ.ಯನ್ನು ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸು. ಬಾಗಿಲು ಹಾಕಿಕೋ. ಒಬ್ಬಳೇ ಕೂರು.

ಬಿರುಸಾಗಿ ಬರೆಯುತ್ತಿದ್ದೇನೆ, ಸಿಟ್ಟು ಮಾಡಿಕೊಂಡರೆ ಮಾಡಿಕೋ. ನಮ್ಮವರ ರೋಗ ನನಗೆ ಗೊತ್ತು. ಮೊದಲ ಸಲ ಆಗದಿದ್ದರೆ "ನಮ್ಮಂಥವರಿಗಲ್ಲ ಬಿಡ್ರಿ" ಅನ್ನುತ್ತೇವೆ. ಅವರಿಗೆ ಬೇಕಾಗಿರುವುದೂ ಅದೇ. ನೀನು ಕೈಬಿಟ್ಟ ದಿನ ಆ ಸಾಹೇಬ ಬಂದು "ತಾಂಡಾದವರಿಗೆ ಆಸಕ್ತಿ ಇಲ್ಲ" ಎಂದು ಬರೆದುಕೊಂಡು ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಾನೆ.

ಪ್ರಶ್ನೆಗಳ ಸಾಲು ಹಿಂದುಮುಂದು ಆದರೆ ಓದಿಕೊಂಡು ಉತ್ತರಿಸು. ಅಷ್ಟೂ ತಿಳಿಯದವಳಲ್ಲ ನೀನು.

ನಿರ್ಮಲಾ


ತಾಂಡಾ
14 ಅಕ್ಟೋಬರ್ 2005

ನಿರ್ಮಲಾ ಅಕ್ಕಾರಿಗೆ,

ನೀವು ಹೇಳಿದಂತೆ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತೆ. ಹುಡುಗಿಯರನ್ನು ಹೊರಗೆ ಕಳಿಸಿದೆ. ಹತ್ತಿಬಟ್ಟೆಯಿಂದ ಒರೆಸಿದೆ. ನಿಂತಿತು. ತಪ್ಪು ನನ್ನದೇ ಇರಬೇಕು.

ಆರರಲ್ಲಿ ಇಬ್ಬರು ಬರುವುದು ಬಿಟ್ಟರು. ಅವರ ಅವ್ವಂದಿರು ಕೋಯ್ತಾಕ್ಕೆ ಹಿಡಿ ಹಾಕಿಸಿದ್ದಾರೆ.

ತುಳಜಾ


ದಾಂಡೇಲಿ
19 ಅಕ್ಟೋಬರ್ 2005

ತುಳಜಾ,

ಇವತ್ತು ನಿಮ್ಮ ತಾಂಡಾದ ದಿನೇಶ ಬಿದಿರು ಇಳಿಸಲು ಲಾರಿ ತಂದಿದ್ದ. ಚಹಾದ ಅಂಗಡಿಯಲ್ಲಿ ಸಿಕ್ಕ. ನಿನ್ನ ಸುದ್ದಿ ಕೇಳಿದೆ. ನಕ್ಕ. "ಅಕ್ಕಾರ, ಕಂಪ್ಯೂಟರ್ ಎಲ್ಲಿ ಕೆಟ್ಟೈತ್ರಿ? ಕರೆಂಟ್ ಇದ್ರ ತಾನ ನಡೀತೈತಿ. ನಮ್ಮಲ್ಲಿ ಒಂದ ತಾಸ ಒಂದ ಸಮ ಇದ್ದದ್ದ ನಾ ಯಾವತ್ತೂ ನೋಡಿಲ್ಲ" ಎಂದ.

ನನ್ನ ಮುಂದೆ ಇದನ್ನು ಯಾಕೆ ಮುಚ್ಚಿಟ್ಟೆ? ನಿನ್ನ ಮೊದಲ ಕಾಗದ ಮತ್ತೆ ತೆಗೆದು ನೋಡಿದೆ. ಬ್ಯಾಟರಿ ಕೊಡಲಿಲ್ಲ ಎಂದು ಬರೆದಿದ್ದೀ. ಓದಿ ದಾಟಿಹೋಗಿದ್ದೆ. ಇಲ್ಲಿ ಮಿಲ್ಲಿಗೆ ತನ್ನದೇ ಕರೆಂಟ್. ಕ್ವಾರ್ಟರ್ಸಿನಲ್ಲಿ ದೀಪ ಆರುವುದು ನಮಗೆ ಗೊತ್ತೇ ಇಲ್ಲ. ಕಾಳಿ ನದಿಗೆ ಸೂಪಾದಲ್ಲಿ ಅಡ್ಡಗೋಡೆ ಕಟ್ಟಿದರು. ಊರುಗಳನ್ನು ಮುಳುಗಿಸಿ ಕರೆಂಟ್ ತೆಗೆದರು. ಆ ತಂತಿ ನಿಮ್ಮ ಅಡವಿಯ ತಲೆಯ ಮೇಲಿಂದಲೇ ಹಾದು ಎಲ್ಲಿಗೋ ಹೋಗುತ್ತದೆ. ಅದರ ಕೆಳಗೆ ಕೂತ ನಿನಗೆ ಎರಡು ತಾಸಿನ ಕರೆಂಟ್ ಇಲ್ಲ. ಇದನ್ನು ನಾನು ಇಪ್ಪತ್ತು ಸಭೆಗಳಲ್ಲಿ ಭಾಷಣ ಮಾಡಿ ಹೇಳಿದ್ದೇನೆ, ನಿನಗೆ ಕಾಗದ ಬರೆಯುವಾಗ ನೆನಪಾಗಲಿಲ್ಲ.

ಈಗ ಮಾತು ಬೇಡ. ಪೆಟ್ಟಿಗೆ ತಗೊಂಡು ಇಲ್ಲಿಗೆ ಬಾ. ಪರದೆ ಬೇಡ, ಅದು ಭಾರ, ಪೆಟ್ಟಿಗೆಯೊಂದೇ ಸಾಕು. ವಾಚನಾಲಯಕ್ಕೆ ಸುಣ್ಣ ಬಳಿಯುತ್ತಿದ್ದಾರೆ, ಅದಕ್ಕೆ ಬಸಲಿಂಗಯ್ಯನವರ ಮನೆಯಲ್ಲಿ ಮಾಡೋಣ. ಮಿಲ್ಲಿನಲ್ಲಿ ಗುಮಾಸ್ತರು, ನಮ್ಮವರೇ. ಅವರ ಮಗನ ಪರದೆ ಕೀಲಿಮಣೆ ಇವೆ. ಗುರುವಾರ 27ಕ್ಕೆ ಬಾ. ದೀಪಾವಳಿಗೆ ಇನ್ನೂ ದಿನ ಇರುತ್ತದೆ.

ನಿರ್ಮಲಾ


ತಾಂಡಾ
24 ಅಕ್ಟೋಬರ್ 2005

ಅಕ್ಕಾ,

ಮುಚ್ಚಿಟ್ಟದ್ದು ಯಾಕೆಂದರೆ, ಯೋಜನೆಯ ಸಾಹೇಬ ಪೆಟ್ಟಿಗೆ ಇಳಿಸುವ ದಿನ ಕೇಳಿದ್ದ: "ಕರೆಂಟ್ ಸರಿ ಐತೇನು? ಇಲ್ಲಂದ್ರ ಬ್ಯಾರೆ ಊರಿಗೆ ಕೊಡ್ತೀವಿ." ಐತಿ ಅಂದಿದ್ದೆ. ಆ ಸುಳ್ಳು ಯಾರ ಕಿವಿಗೆ ಬಿದ್ದರೂ ಹೋಯಿತು ಎಂದುಕೊಂಡು ನಿಮಗೂ ಹೇಳಲಿಲ್ಲ.

ಪೆಟ್ಟಿಗೆ ತಾಂಡಾ ಬಿಟ್ಟು ಹೋಗಬೇಕು ಎಂದ ಕೂಡಲೇ ಕಟ್ಟೆಯ ಮೇಲೆ ದೊಡ್ಡ ಮಾತಾಯಿತು. ಇಲ್ಲಿಂದ ದುರಸ್ತಿಗೆ ಎಂದು ಹೋದದ್ದು ಒಂದೂ ಮರಳಿ ಬಂದಿಲ್ಲ. ಮಹಿಳಾ ಮಂಡಳದ ಹೊಲಿಗೆ ಯಂತ್ರ ಮುಂಡಗೋಡಕ್ಕೆ ಹೋಯಿತು. ಈಗ ಅಲ್ಲಿಯ ಒಂದು ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಿದೆ, ನಮ್ಮ ಹೆಂಗಸರೇ ನೋಡಿ ಬಂದಿದ್ದಾರೆ. ಬೋರಿನ ಮೋಟಾರು ಹೋಯಿತು. ಶಾಲೆಯ ರೇಡಿಯೋ ಹೋಯಿತು. ನಾನಿಬಾಯಿ ಎದ್ದು ನಿಂತು, "ಸಾಲಿ ಮಾಸ್ತರನೂ ದುರಸ್ತಿಗೇ ಹೋಗ್ಯಾನೇನು? ಅಂವಾ ಹೋಗಿ ಎರಡ ವರ್ಷಾತು" ಎಂದಳು. ಎಲ್ಲರೂ ನಕ್ಕರು, ಆದರೆ ಯಾರೂ ಒಪ್ಪಲಿಲ್ಲ.

ಕೊನೆಗೆ ಗೇಮಪ್ಪ ಅಂದ: "ಪೆಟ್ಟಿಗಿ ಹೋಗಲಿ. ಆದ್ರ ತುಳಜಾ ಇಲ್ಲೇ ಇರ್ಲಿ. ಪೆಟ್ಟಿಗಿ ಬರಲಿಲ್ಲ ಅಂದ್ರ ಕೇಳಾಕ ನಮಗ ಒಬ್ಬರರ ಇರ್ತಾರ."

ಹೀಗಾಗಿ ಪೆಟ್ಟಿಗೆಯನ್ನು ಕುಬೇರಣ್ಣ ತರುತ್ತಾನೆ, ಕೌದಿಯಲ್ಲಿ ಸುತ್ತಿಕೊಂಡು. ಹಾಕುವುದನ್ನು ಕಲಿಯಬೇಕಾದವಳು ನಾನು, ನಾನೇ ಇಲ್ಲಿ. ಇರಲಿ. ಅಣ್ಣನನ್ನು ಅದೇ ದಿನ ಸಂಜೆಯ ಬಸ್ಸಿಗೆ ಕೂರಿಸಿಬಿಡಿ. ಇದೊಂದು ಮರೆಯಬೇಡಿ.

ತುಳಜಾ


ದಾಂಡೇಲಿ
28 ಅಕ್ಟೋಬರ್ 2005

ತುಳಜಾ, ನನ್ನ ತಂಗಿ,

ಆಯಿತು. ನಿನ್ನ ಪೆಟ್ಟಿಗೆ ಕನ್ನಡ ಮಾತಾಡುತ್ತದೆ.

ಈ ಕಾಗದ ಟಪಾಲಿಗೆ ಹಾಕುತ್ತಿದ್ದೇನೆ. ಕುಬೇರ ಈಗ ಬೆಳಗಿನ ಬಸ್ಸು ಹತ್ತಿದ, ಕಾಗದಕ್ಕಿಂತ ಮೊದಲು ಪೆಟ್ಟಿಗೆಯೇ ನಿನ್ನನ್ನು ಮುಟ್ಟುತ್ತದೆ. ಆದರೂ ಬರೆಯದೆ ಇರಲಾರೆ.

ನಿನ್ನೆ ಅವನು ಬಂದಾಗ ಮಧ್ಯಾಹ್ನ ದಾಟಿತ್ತು. ಹಳಿಯಾಳದಲ್ಲಿ ಬಸ್ಸಿನ ಗಾಲಿ ಪಂಕ್ಚರ್ ಅಂತೆ. ಎಳೆಗೂಸಿನಂತೆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತ. ಬಸಲಿಂಗಯ್ಯನವರ ಹೆಂಡತಿ ದುರ್ಗವ್ವ ಊಟಕ್ಕೆ ಕರೆದರೆ, "ಇಲ್ಲೇ ಕೊಡ್ರಿ, ನಾ ಇದನ್ನ ಬಿಟ್ಟ ಏಳೂದಿಲ್ಲ" ಎಂದ. ನಾನು ಅವನ ಕೈಯಿಂದಲೇ ಹಾಕಿಸಿದೆ. ಮೊದಲು ಬೆರಳು ಒಲ್ಲೆ ಅಂದವು. ಆಮೇಲೆ ಅವನೇ ಒಂದೊಂದು ಅಕ್ಷರ ಕೂಡಿಸಿ ಓದಿ ಒತ್ತಿದ. ಅವನಿಗೂ ಹಾಕುವುದು ಬಂತು, ನಿನಗೆ ಕಲಿಸುತ್ತಾನೆ.

ಎರಡನೆಯ ಸಿ.ಡಿ. ಮುಗಿಯುವ ಹೊತ್ತಿಗೆ "ಬಸ್ಸು, ಬಸ್ಸು" ಎಂದು ಚಡಪಡಿಸತೊಡಗಿದ. ಬಿಡಲಿಲ್ಲ ನಾನು. ಕನ್ನಡ ಇರುವುದು ಮೂರನೆಯದರಲ್ಲಿ. "ಇಂಗ್ಲಿಷಿನ ಪೆಟ್ಟಿಗಿ ತಗೊಂಡು ಹೋಗಿ ನಿಮ್ಮ ನಾಯಕಗ ಏನ ತೋರಸ್ತೀ? ಕುಂದರು" ಎಂದು ಗದರಿದೆ. ಕೂತ. ಬಸ್ಸು ಹೋಯಿತು. ಒಂದು ದಿನದಲ್ಲಿ ಏನು ಮುಳುಗುತ್ತದೆ?

ಎಲ್ಲ ಮುಗಿದು ಪರದೆ ಬೆಳಗಿದಾಗ ಅರ್ಧ ಕನ್ನಡ, ಅರ್ಧ ಇಂಗ್ಲಿಷು. ನಮ್ಮವರು ಇನ್ನೂ ಪೂರ್ತಿ ಅನುವಾದಿಸಿಲ್ಲ, ಅದಕ್ಕೂ ನಿನ್ನ ಹುಡುಗಿಯರೇ ಬೇಕು. ಕುಬೇರ ಕೀಲಿಗಳನ್ನು ಹುಡುಕಿ ಹುಡುಕಿ ಕಾಜಲ್ ಎಂದು ಒತ್ತಿದ. ಮೂಡಿತು. ಬಹಳ ಹೊತ್ತು ನೋಡಿದ. "ಅಕ್ಕಾರ, ಇದು ಹಿಂಗ ಇರ್ತೈತೇನ್ರಿ, ಅಳಸಿ ಹೋಗ್ತೈತ್ರಿ?" ಎಂದ. ಇರುತ್ತದೆ ಎಂದೆ.

ಒಂದು ಸಲ ಹಾಕಿದ್ದಾಯಿತು, ಇನ್ನು ಕರೆಂಟ್ ಹೋಗಿ ಬಂದರೂ ಅದು ಮೊದಲಿನಿಂದ ಶುರು ಆಗುವುದಿಲ್ಲ. ಗೇಮಪ್ಪನ ಮುಂದೆ ಹಚ್ಚಿ ತೋರಿಸು. ಆಮೇಲೆ ಬರೆ, ಅವನ ಮುಖ ಹೇಗಾಯಿತು ಅಂತ.

ನಿನ್ನ ನಿರ್ಮಲಾ


ದಾಂಡೇಲಿ
12 ನವೆಂಬರ್ 2005

ತುಳಜಾ,

ಉತ್ತರವಿಲ್ಲ. ದೀಪಾವಳಿ ಕಳೆದು ಹತ್ತು ದಿನ ಮೇಲಾಯಿತು. ಪಾಠ ಶುರುವಾಗಿ ಅಕ್ಕನನ್ನು ಮರೆತೆಯೋ? ಹಾಗಿದ್ದರೆ ಸಂತೋಷವೇ. ಎರಡು ಸಾಲು ಬರೆ.

ನಿರ್ಮಲಾ


ಕಬ್ಬಿನ ಗ್ಯಾಂಗಿನ ಬಿಡಾರ, ಹಳಿಯಾಳ ತಾಲೂಕು
20 ನವೆಂಬರ್ 2005

ನಿರ್ಮಲಾ ಅಕ್ಕಾರಿಗೆ,

ನಿಮ್ಮ ಎರಡೂ ಕಾಗದಗಳನ್ನು ಕುಬೇರಣ್ಣ ಮೊನ್ನೆ ತಾಂಡಾಕ್ಕೆ ಹೋಗಿ ಬರುವಾಗ ತಂದುಕೊಟ್ಟ. ಅವನೂ ಈಗ ಇಲ್ಲೇ ಇದ್ದಾನೆ.

27ರ ಗುರುವಾರ ಅಣ್ಣ ಬೆಳಿಗ್ಗೆ ಹೋದ. ಮಧ್ಯಾಹ್ನ ಮುಕಾದಮ ಬಂದ, ಲಾರಿ ಸಮೇತ. ಈ ಸಲ ಕಾರ್ಖಾನೆ ಬೇಗ ಶುರು, ಹಬ್ಬ ಗಿಬ್ಬ ಇಲ್ಲ, ಮುಂಜಾನೆ ಹೊರಡಬೇಕು ಎಂದ. ಹುಡುಗಿಯರನ್ನು ಬಿಡುವ ಮಾತು ಗೇಮಪ್ಪ ಎತ್ತಿದ. ನಾಯಕನನ್ನು ಬಯ್ಯಲಾರೆ, ಎತ್ತಿದ. ಮುಕಾದಮ ಪೆಟ್ಟಿಗೆ ಎಲ್ಲಿ ಎಂದು ಕೇಳಿದ. ದುರಸ್ತಿಗೆ ಹೋಗಿದೆ ಎಂದರು. ಅವನು ಹಲ್ಲು ಕಿಸಿದ. "ಹೋತಲ್ಲ ಮತ್ತ" ಎಂದ.

ಆಗ ನಾನು ಎದ್ದು ನಿಂತೆ. ಸಂಜೆಯ ಬಸ್ಸಿಗೆ ಬರುತ್ತದೆ ಎಂದೆ. ಗೇಮಪ್ಪ ಕೇಳಿದ, "ಬರಲಿಲ್ಲ ಅಂದ್ರ?" ಬರಲಿಲ್ಲ ಅಂದರೆ ಹುಡುಗಿಯರ ಜೊತೆ ನಾನೂ ಲಾರಿ ಹತ್ತುತ್ತೇನೆ ಎಂದೆ. ನನಗೆ ಅಷ್ಟು ಖಾತ್ರಿ ಇತ್ತು.

ಇಡೀ ತಾಂಡಾ ಬಸ್ಸು ನಿಲ್ಲುವಲ್ಲಿಗೆ ಬಂದಿತ್ತು. ಹುಡುಗಿಯರು ತಲೆ ಬಾಚಿಕೊಂಡಿದ್ದರು. ಬಿಟ್ಟು ಹೋಗಿದ್ದ ಇಬ್ಬರೂ ಬಂದಿದ್ದರು. ಬಸ್ಸು ಬಂತು. ಒಬ್ಬ ಮುದುಕ ಇಳಿದ, ಹುಲ್ಲಿನ ಹೊರೆ ಇಳಿಯಿತು. ಕಾಜಲ್ ಒಳಗೆ ಹತ್ತಿ ಸೀಟಿನ ಕೆಳಗೆಲ್ಲ ನೋಡಿದಳು. ಕಂಡಕ್ಟರ್ "ಯಾರನ್ನ ಹುಡಕ್ತೀಯವಾ?" ಎಂದ. ಇಳಿದು ಬಂದಳು. ಯಾರೂ ನನ್ನನ್ನು ಬಯ್ಯಲಿಲ್ಲ, ಅಕ್ಕಾ. ಒಬ್ಬರಾದರೂ ಬಯ್ಯಬೇಕಿತ್ತು. ಎಲ್ಲರಿಗೂ ಮೊದಲೇ ಗೊತ್ತಿತ್ತು ಎನ್ನುವ ಹಾಗೆ ಮನೆಗೆ ತಿರುಗಿದರು. ನಾನಿಬಾಯಿಯೊಬ್ಬಳೇ ನನ್ನ ಕೈ ಹಿಡಿದು, "ಹೊಲಿಗಿ ಮಷೀನಿನ ಪೈಕಿ ಹೋತು, ಬಾ" ಎಂದಳು.

ಮುಂಜಾನೆ ಲಾರಿ ಹೊರಟಿತು. ಅಣ್ಣನ ಬಸ್ಸು ಹಳಿಯಾಳದ ರಸ್ತೆಯಲ್ಲಿ ನಮಗೆ ಎದುರಾಗಿಯೇ ಹೋಗಿರಬೇಕು.

ನಮ್ಮಲ್ಲಿ ದೀಪಾವಳಿಗೆ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ, ಹಿರಿಯರಿಗೆ ಮೇರಾ ಹೇಳುತ್ತಾರೆ. ನೀವು ಚೆನ್ನಾಗಿರಿ, ಮನೆ ತುಂಬಿರಲಿ ಎಂದು ಹರಸುವುದು. ವರ್ಷವೆಲ್ಲ ಹುಡುಗಿಯರನ್ನು ಹರಸುವವರು ಬೇರೆಯವರು. ಆ ಒಂದು ದಿನ ಹುಡುಗಿಯರು ಎಲ್ಲರನ್ನೂ ಹರಸುತ್ತಾರೆ. ಈ ಸಲ ತಾಂಡಾದಲ್ಲಿ ಮೇರಾ ಹೇಳಲು ಯಾರೂ ಇರಲಿಲ್ಲ. ಇಲ್ಲಿ ರವದಿಯ, ಕಬ್ಬಿನ ಒಣಗರಿಯ ಗುಡಿಸಲುಗಳ ನಡುವೆ ದೀಪ ಹಚ್ಚಬೇಡಿ, ಬೆಂಕಿ ಹತ್ತುತ್ತದೆ ಎಂದು ಮುಕಾದಮ ಹೇಳಿದ.

ಪೆಟ್ಟಿಗೆ ತಾಂಡಾದ ಕೋಣೆಯಲ್ಲಿದೆ. ಅಣ್ಣ ಗೇಮಪ್ಪನ ಮುಂದೆ ಹಚ್ಚಿ ತೋರಿಸಿದನಂತೆ. ಕನ್ನಡ ಬಂತಂತೆ. ನೀವು ಕೇಳಿದ್ದಿರಿ ಗೇಮಪ್ಪನ ಮುಖ ಹೇಗಾಯಿತು ಅಂತ. ನೋಡಲು ನಾನು ಇರಲಿಲ್ಲ. ಅಣ್ಣ ಹೇಳಿದ, ನಾಯಕ ಎದ್ದು ಹೋದನಂತೆ. ಮರುದಿನ ಅಣ್ಣನೂ ಮಗಳ ಹಿಂದೆ ಇಲ್ಲಿಗೆ ಬಂದ. ಪಾಠಕ್ಕೆ ಅಲ್ಲಿ ಯಾರೂ ಉಳಿದಿಲ್ಲ. ಯೋಜನೆಯವರು ಬಂದು ನೋಡಿದರೆ, ಕಲಿಯುವವರಿಲ್ಲ ಎಂದು ಬರೆದು ಎತ್ತಿಕೊಂಡು ಹೋಗುತ್ತಾರೆ. ಅವರು ಬರೆಯುವುದು ಈ ಸಲ ನಿಜವೇ.

ಇನ್ನೊಂದು. ಅಣ್ಣ ದಾಂಡೇಲಿಯಲ್ಲಿ ವಾಚನಾಲಯ ನೋಡಿದನಂತೆ. ಸುಣ್ಣ ಬಳಿದಿಲ್ಲ, ಬೀಗ ಬಡಿದಿದೆ, ಬೀಗಕ್ಕೆ ತುಕ್ಕು ಹಿಡಿದಿದೆ ಎಂದ. ಕಂಪ್ಯೂಟರುಗಳನ್ನು ಕಟ್ಟಡದ ಮಾಲೀಕ ಮಳೆಗಾಲಕ್ಕೆ ಮೊದಲೇ ಒಯ್ದನಂತೆ. ನೀವು ನನಗೆ ಎಲ್ಲವನ್ನೂ ನೆನಪಿನಿಂದಲೇ ಬರೆದಿರಿ, ಅದಕ್ಕೇ ಸಾಲು ಹೊಂದಲಿಲ್ಲ. ಅಲ್ಲೊಂದು ಜಾಗ ಇದೆ, ಸಂಜೆಗೆ ಕೂರಲು ಜಾಗ ಇರದಷ್ಟು ಮಂದಿ ಇರುತ್ತಾರೆ ಎಂದುಕೊಂಡು ನಾನು ಇಷ್ಟು ದಿನ ಇದ್ದೆ. ಹೇಳಿದ್ದರೆ ಏನಾಗುತ್ತಿತ್ತು? ನಾನು ಕರೆಂಟಿನ ಸುದ್ದಿ ಹೇಳಿದ್ದರೆ ಏನಾಗುತ್ತಿತ್ತೋ ಅದೇ ಇರಬೇಕು.

ಕಾಜಲಳ ಅಂಗೈಯಲ್ಲಿ ಬೊಬ್ಬೆಗಳು ಎದ್ದು ಒಡೆದಿವೆ. ಅಣ್ಣ ಪರದೆಯ ಮೇಲೆ ಅವಳ ಹೆಸರು ಬರೆದದ್ದನ್ನು ಅವಳಿಗೆ ಹೇಳಿಲ್ಲ. ನಾನೂ ಹೇಳಿಲ್ಲ.

ತುಳಜಾ


ದಾಂಡೇಲಿ
26 ನವೆಂಬರ್ 2005

ತುಳಜಾ,

ಕೂರಿಸಿಕೊಂಡವಳು ನಾನು. ಬಸ್ಸು ಅಂದವನನ್ನು ಗದರಿ ಕೂರಿಸಿದವಳು ನಾನು. ಇದಕ್ಕೆ ಭಾಷಣ ಇಲ್ಲ.

ವಾಚನಾಲಯ ಜೂನ್‌ನಲ್ಲಿ ಹೋಯಿತು. ಬಾಡಿಗೆ ಬಾಕಿಗೆ ಹೋಯಿತು ಅನ್ನುತ್ತಾರೆ. ಕೇಳಲು ನಾಲ್ಕು ಮಂದಿ ಬಂದಿದ್ದರೆ ಉಳಿಯುತ್ತಿತ್ತು, ಬರಲಿಲ್ಲ. ನಿನ್ನ ಕಾಗದ ಬಂದಾಗ, ನನ್ನನ್ನು ಇನ್ನೂ ಅಲ್ಲಿಯವಳು ಎಂದು ನಂಬಿದ ಒಬ್ಬಳಾದರೂ ಇದ್ದಾಳೆ ಅನ್ನಿಸಿತು. ಬಿಡಲು ಮನಸ್ಸಾಗಲಿಲ್ಲ.

ಪೆಟ್ಟಿಗೆಯನ್ನು ಉಳಿಸಬಹುದು ಎಂದು ನಾನು ಹೇಳುವುದಿಲ್ಲ. ಬಿಡಾರದಲ್ಲಿ ಕರೆಂಟ್ ಇಲ್ಲ, ಹುಡುಗಿಯರು ಯುಗಾದಿಯ ತನಕ ಬಿಡುಗಡೆಯಾಗುವುದಿಲ್ಲ, ಯೋಜನೆಯವರು ಅಷ್ಟರೊಳಗೆ ಬರುತ್ತಾರೆ. ನಿನ್ನೆ ಅವರ ಕಚೇರಿಗೆ ಹೋಗಿದ್ದೆ. ಯುಗಾದಿಯ ತನಕ ಕೋಣೆಯ ಬೀಗ ತೆಗೆಯಬೇಡಿ ಎಂದು ಕೇಳಿದೆ. "ಮಂದಿ ಊರಾಗ ಇಲ್ಲಂದ್ರ ಕೇಂದ್ರ ಯಾರಿಗೆ ನಡಸೂದ್ರಿ? ಬೇಕಂದವರು ತಾವ ಸಹಿ ಮಾಡಿ ಕೊಡ್ಲಿ" ಎಂದರು. ಆರು ಹುಡುಗಿಯರ ಸಹಿ, ಅವರ ಕೈಯಿಂದಲೇ. ಕೊಟ್ಟರೂ ಕೇಳುತ್ತಾರೆಂದು ನನಗೆ ನಂಬಿಕೆಯಿಲ್ಲ. ಆದರೆ ಹೇಳದೆ ಕೇಳದೆ ಒಯ್ಯಲು ಬಿಡುವುದಿಲ್ಲ.

ಮುಕಾದಮ ವಾರಕ್ಕೊಮ್ಮೆ ಕಾರ್ಖಾನೆಗೆ ಹೋಗಿ ಸಂಜೆಯ ತನಕ ಬರುವುದಿಲ್ಲ ಎಂದು ದಿನೇಶ ಹೇಳಿದ. ಅವತ್ತು ನಾನು ಬಿಡಾರಕ್ಕೆ ಬರುತ್ತೇನೆ. ಒಬ್ಬಳೇ ಬರುತ್ತೇನೆ, ಬೇರೆ ಯಾರೂ ಬರುವವರಿಲ್ಲ. ಕುಬೇರನೂ ಇರಲಿ. ಕಾಜಲ್‌ಗೆ ಕೈ ನೋವಿದ್ದರೆ ನಿಧಾನ ಬರೆಯಲಿ, ಕಾಯುತ್ತೇನೆ.

ಸಭೆ: ಭಾನುವಾರ, ಡಿಸೆಂಬರ್ 4, ಮಧ್ಯಾಹ್ನ ಮೂರು ಗಂಟೆಗೆ, ಬಿಡಾರದ ನೀರಿನ ಟಾಕಿಯ ಹತ್ತಿರ.

ನಿರ್ಮಲಾ